ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಸೈನ್ ಇನ್ ಆಗ್ತಾ ಇಲ್ವಾ? ಗಡಿಯಾರದಿಂದ ಶುರು ಮಾಡಿ

ಕಳೆದ ಮಳೆಗಾಲದಲ್ಲಿ ಕುಮಟಾ ಹತ್ತಿರದ ದೊಡ್ಡಪ್ಪನ ಮನೆಯಿಂದ ಫೋನ್ ಬಂತು. 2018ರಲ್ಲಿ ಕೊಂಡ ಡೆಸ್ಕ್‌ಟಾಪಿಗೆ ಪೇಟೆಯಲ್ಲಿ ವಿಂಡೋಸ್ 11 ಹಾಕಿಸಿ ತಂದಿದ್ದರು. ಅಂಗಡಿಯವರು ಇನ್‌ಸ್ಟಾಲ್ ಮುಗಿಸಿ, "ಮನೆಗೆ ಹೋಗಿ ನಿಮ್ಮ ಖಾತೆ ಹಾಕ್ಕೊಳ್ಳಿ" ಎಂದು ಕೊಟ್ಟು ಕಳಿಸಿದ್ದರು. ಮನೆಗೆ ತಂದು ಜೋಡಿಸಿದರೆ ಮೈಕ್ರೋಸಾಫ್ಟ್ ಖಾತೆಯೇ ಒಳಗೆ ಬಿಡುತ್ತಿಲ್ಲ. "ಪಾಸ್‌ವರ್ಡ್ ಸರಿಯಾಗೇ ಇದ್ದು ತಮಾ, ಇದು ತಗಳ್ತಿಲ್ಲೆ" ಅಂದರು. ಮೂರು ದಿನದಲ್ಲಿ ನಾಲ್ಕು ಸಲ ಪಾಸ್‌ವರ್ಡ್ ಬದಲಾಯಿಸಿದ್ದರಂತೆ.

ನಾನು ಶಿರಸಿಯಿಂದ ಘಟ್ಟ ಇಳಿದು ಹೋಗಿ ನೋಡಿದೆ. ಪಾಸ್‌ವರ್ಡ್ ನಿಜವಾಗಿಯೂ ಸರಿ ಇತ್ತು. ಆ ಕಂಪ್ಯೂಟರ್ ಮಾತ್ರ ಇವತ್ತು 2018ರ ಜನವರಿ 1 ಎಂದುಕೊಂಡು ಕೂತಿತ್ತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಾಗಿನಿಂದ ನಮ್ಮ ಕಡೆ ಹೊಸದಾಗಿ ವಿಂಡೋಸ್ ಹಾಕಿಸುವವರು ಜಾಸ್ತಿಯಾಗಿದ್ದಾರೆ. ಹಾಕಿಸಿದ ಮೇಲೆ ಇದೇ ತೊಂದರೆ ಹೇಳಿಕೊಂಡು ಬರುವವರೂ ಜಾಸ್ತಿ. ಅವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಪಾಸ್‌ವರ್ಡ್ ಬದಲಾಯಿಸುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಗಡಿಯಾರ, ಆಮೇಲೆ ನೆಟ್, ಆಮೇಲೆ ಇದು ಯಾವ ಖಾತೆ ಎಂಬುದು, ಆಮೇಲೆ ಕೋಡ್ ಹೋಗುವ ಫೋನ್ ನಂಬರ್. ಈ ನಾಲ್ಕೂ ಸರಿ ಇದ್ದು, ಆಗಲೂ ಒಳಗೆ ಬಿಡದಿದ್ದರೆ ಮಾತ್ರ ಪಾಸ್‌ವರ್ಡಿಗೆ ಕೈ ಹಾಕಿ. ಸುಮ್ನೆ ಸುಮ್ನೆ ಪ್ರಯತ್ನಿಸುತ್ತಾ ಹೋದರೆ ಖಾತೆಗೇ ತಾತ್ಕಾಲಿಕ ಬೀಗ ಬೀಳುತ್ತದೆ. ಆಗ ಸಣ್ಣ ತೊಂದರೆ ದೊಡ್ಡದಾಗುತ್ತದೆ.

ಇನ್ನೂ ಫಾರ್ಮ್ಯಾಟ್ ಮಾಡಿಸಿಲ್ಲ ಅಂದರೆ

ನಿಮ್ಮ ಅದೃಷ್ಟ. ಹಳೆಯ ವಿಂಡೋಸ್ ನಡೆಯುತ್ತಿರುವಾಗಲೇ ಅರ್ಧ ಗಂಟೆ ಕೂತು ಮೂರು ಕೆಲಸ ಮುಗಿಸಿ.

ಒಂದು, ಸೆಟ್ಟಿಂಗ್ಸ್ ತೆರೆದು ಅಕೌಂಟ್ಸ್ ಒಳಗೆ ನಿಮ್ಮ ಹೆಸರಿನ ಕೆಳಗೆ ಯಾವ ಇಮೇಲ್ ಇದೆ ನೋಡಿ. ಅದನ್ನು ಅಕ್ಷರ ಅಕ್ಷರವಾಗಿ ಪುಸ್ತಕದಲ್ಲಿ ಬರೆದಿಡಿ. "ಲೋಕಲ್ ಅಕೌಂಟ್" (ಆ ಕಂಪ್ಯೂಟರಿಗೆ ಮಾತ್ರ ಸೀಮಿತವಾದ ಖಾತೆ) ಎಂದಿದ್ದರೆ ಅದನ್ನೂ ಬರೆಯಿರಿ.

ಎರಡು, ಫೋನಿನ ಬ್ರೌಸರಿನಲ್ಲಿ ಅಕೌಂಟ್ ಡಾಟ್ ಮೈಕ್ರೋಸಾಫ್ಟ್ ಡಾಟ್ ಕಾಮ್‌ಗೆ ಹೋಗಿ ಅದೇ ಇಮೇಲ್, ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ ನೋಡಿ. ಕಂಪ್ಯೂಟರಿನಲ್ಲಿ ಅಲ್ಲ, ಫೋನಿನಲ್ಲಿ. ಕಂಪ್ಯೂಟರ್ ನಿಮ್ಮನ್ನು ಮೊದಲೇ ಗುರುತು ಹಿಡಿದಿರುತ್ತದೆ, ಪಾಸ್‌ವರ್ಡ್ ಕೇಳದೇ ಒಳಗೆ ಬಿಟ್ಟುಬಿಡುತ್ತದೆ. ಫೋನು ಕೇಳುತ್ತದೆ. ಅಲ್ಲಿ ತೊಂದರೆ ಬಂದರೆ ಈಗಲೇ ಬಂತಲ್ಲ, ಒಳ್ಳೆಯದೇ ಆಯಿತು.

ಮೂರು, ಒಳಗೆ ಹೋದ ಮೇಲೆ ಸೆಕ್ಯೂರಿಟಿ ಭಾಗದಲ್ಲಿ ಯಾವ ಫೋನ್ ನಂಬರ್, ಯಾವ ಎರಡನೇ ಇಮೇಲ್ ಕೊಟ್ಟಿದ್ದೀರಿ ನೋಡಿ. ಬಿಟ್‌ಲಾಕರ್ ಎಂದರೆ ಡ್ರೈವಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ; ಡಿವೈಸಸ್ ಭಾಗದಲ್ಲಿ ಅದರ ರಿಕವರಿ ಕೀ ಇದ್ದರೆ ಅದನ್ನೂ ಬರೆದುಕೊಳ್ಳಿ. 48 ಅಂಕಿ ಇರುತ್ತದೆ. ಸಿ ಡ್ರೈವ್ ಮಾತ್ರ ಅಳಿಸಿ ಡಿ ಡ್ರೈವಿನಲ್ಲಿ ಮಕ್ಕಳ ಫೋಟೋ, ಜಮೀನಿನ ಕಾಗದಪತ್ರ ಉಳಿಸಿಕೊಳ್ಳುವವರಿಗೆ ಇದು ಬಹಳ ಮುಖ್ಯ. ಡಿ ಡ್ರೈವಿಗೂ ಬೀಗ ಬಿದ್ದಿದ್ದರೆ ಹೊಸ ವಿಂಡೋಸ್ ಆ 48 ಅಂಕಿ ಕೇಳುತ್ತದೆ. ಕೊಡದಿದ್ದರೆ ಯಾರಿಂದಲೂ ಅದನ್ನು ತೆರೆಯಲು ಆಗುವುದಿಲ್ಲ.

ಮೊದಲು ಗಡಿಯಾರ

ಗಡಿಯಾರಕ್ಕೂ ಪಾಸ್‌ವರ್ಡಿಗೂ ಏನು ಸಂಬಂಧ ಎಂದು ದೊಡ್ಡಪ್ಪನೂ ಕೇಳಿದರು. ನಿಮ್ಮ ಕಂಪ್ಯೂಟರ್ ಮೈಕ್ರೋಸಾಫ್ಟಿನ ಸರ್ವರ್ ಜೊತೆ ಮಾತಾಡುವ ಮೊದಲು, ಅದು ನಿಜವಾದ ಸರ್ವರೇ ಹೌದಾ ಎಂದು ಪರೀಕ್ಷಿಸುತ್ತದೆ. ಸರ್ವರ್ ತನ್ನ ಪ್ರಮಾಣಪತ್ರ ತೋರಿಸುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದಿರುತ್ತದೆ, ನಮ್ಮ ಬಸ್ ಪಾಸ್ ಇದ್ದ ಹಾಗೆ. ಕಂಪ್ಯೂಟರ್ 2018ರಲ್ಲಿ ನಿಂತಿದ್ದರೆ ಅದಕ್ಕೆ ಈಗಿನ ಪಾಸು ಇನ್ನೂ ಶುರುವೇ ಆಗಿಲ್ಲ. ಹಾಗಾಗಿ ಸರ್ವರನ್ನೇ ನಂಬುವುದಿಲ್ಲ, ಸಂಪರ್ಕ ಕಡಿದುಕೊಳ್ಳುತ್ತದೆ. ನಿಮ್ಮ ಪಾಸ್‌ವರ್ಡ್ ಅಲ್ಲಿಯತನಕ ಹೋಗಿರುವುದೇ ಇಲ್ಲ. ಪರದೆಯ ಮೇಲೆ "ಸಮ್‌ಥಿಂಗ್ ವೆಂಟ್ ರಾಂಗ್" ಎಂದಷ್ಟೇ ಬರುತ್ತದೆ. ಕೆಲವು ಸಲ ಉದ್ದದ ಎರರ್ ಕೋಡ್ ಬರುತ್ತದೆ. ಅದರ ಕೊನೆ 2ಎಫ್8ಎಫ್ ಎಂದಿದ್ದರೆ ಮೊದಲು ಗಡಿಯಾರವನ್ನೇ ನೋಡಿ.

ಗಡಿಯಾರ ಯಾಕೆ ಹಿಂದೆ ಹೋಗುತ್ತದೆ? ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್2032 ಎಂದು ಹೆಸರು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬುದೇ ಆ ಅಂಕಿಯ ಅರ್ಥ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದರ ಕೆಲಸ. ಕೆಲವು ವರ್ಷಕ್ಕೆ ಅದು ಸೋಲುತ್ತದೆ. ಪ್ಲಗ್ ಹಾಕಿಯೇ ಇದ್ದರೆ ಸೋತಿದ್ದು ಗೊತ್ತೇ ಆಗುವುದಿಲ್ಲ, ಗೋಡೆಯ ಕರೆಂಟೇ ಗಡಿಯಾರವನ್ನು ನಡೆಸುತ್ತಿರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಗುಡುಗು ಶುರುವಾದರೆ ಮೊದಲು ಮಾಡುವ ಕೆಲಸ ಏನು? ಪ್ಲಗ್ ಕಿತ್ತಿಡುವುದು ಅಲ್ವಾ! ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವುದೂ ಹೊಸತಲ್ಲ. ಆಗ ಗಡಿಯಾರ ನಿಲ್ಲುತ್ತದೆ. ದೊಡ್ಡಪ್ಪನ ಮನೆಯಲ್ಲಿ ಆಗಿದ್ದೂ ಇಷ್ಟೇ. ಅಂಗಡಿಯಲ್ಲಿ ತಾರೀಖು ಸರಿಯಾಗಿತ್ತು. ಪ್ಲಗ್ ಕಿತ್ತು ರಿಕ್ಷಾದಲ್ಲಿ ಮನೆಗೆ ತರುವಷ್ಟರಲ್ಲಿ ಏಳು ವರ್ಷ ಹಿಂದೆ ಹೋಗಿತ್ತು.

ಸರಿ ಮಾಡುವುದು ಹೀಗೆ. ಖಾತೆ ಕೇಳುವ ಪರದೆಯಲ್ಲಿರುವಾಗಲೇ ಶಿಫ್ಟ್ ಒತ್ತಿ ಹಿಡಿದು ಎಫ್10 ಒತ್ತಿ. ಕೆಲವು ಲ್ಯಾಪ್‌ಟಾಪಿನಲ್ಲಿ ಜೊತೆಗೆ ಎಫ್‌ಎನ್ ಕೀಲಿಯನ್ನೂ ಒತ್ತಬೇಕು. ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ "ಡೇಟ್" ಎಂದು ನಾಲ್ಕಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಕಂಪ್ಯೂಟರ್ ಅಂದುಕೊಂಡಿರುವ ತಾರೀಖು ಮೊದಲು ಕಾಣುತ್ತದೆ, ಕೆಳಗೆ ಹೊಸದು ಕೇಳುತ್ತದೆ. ಇಲ್ಲಿ ಸ್ವಲ್ಪ ನಿಧಾನಿಸಿ. ಅಮೆರಿಕದ ಇಂಗ್ಲಿಷ್ ಆವೃತ್ತಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ ಬರೆಯಬೇಕು. ಯಾವುದು ಮೊದಲು ಎಂದು ಆ ಸಾಲಿನಲ್ಲೇ ಕಂಸದೊಳಗೆ ಬರೆದಿರುತ್ತದೆ, ಅದನ್ನು ನೋಡಿಯೇ ಹಾಕಿ. ಜುಲೈ 8 ಹಾಕಲು ಹೋಗಿ ಆಗಸ್ಟ್ 7 ಹಾಕಿಕೊಂಡವರನ್ನು ನೋಡಿದ್ದೇನೆ. ಆಮೇಲೆ ಇದೇ ರೀತಿ "ಟೈಮ್" ಎಂದು ಬರೆದು ಸಮಯ ಸರಿ ಮಾಡಿ. ಟೈಮ್ ಝೋನ್ ಭಾರತದ್ದು, ಐದೂವರೆ ಗಂಟೆ ಮುಂದಿನದು ಇರಬೇಕು. ಮೊದಲ ಪರದೆಯಲ್ಲಿ ದೇಶ ಕೇಳಿದಾಗ ಇಂಡಿಯಾ ಆರಿಸಿದ್ದರೆ ಸಾಮಾನ್ಯವಾಗಿ ಅದು ಸರಿಯಾಗೇ ಇರುತ್ತದೆ.

ಕಿಟಕಿ ಮುಚ್ಚಿ ಮತ್ತೆ ಸೈನ್ ಇನ್ ಮಾಡಿ. ದೊಡ್ಡಪ್ಪನ ಖಾತೆ ಇಷ್ಟಕ್ಕೇ ಒಳಗೆ ಬಿಟ್ಟಿತು.

ಕಪ್ಪು ಕಿಟಕಿ ತೆರೆಯದಿದ್ದರೆ ಬಯೋಸ್‌ನಲ್ಲೇ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ, ತಾರೀಖು ಸರಿ ಮಾಡಬಹುದು. ಕಂಪ್ಯೂಟರ್ ಶುರುವಾಗುತ್ತಿದ್ದಂತೆ ಡೆಲ್, ಏಸರ್, ಆಸುಸ್‌ಗಳಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತುತ್ತಾ ಇರಿ. ಜೋಡಿಸಿದ ಡೆಸ್ಕ್‌ಟಾಪುಗಳಲ್ಲಿ ಹೆಚ್ಚಾಗಿ ಡಿಲೀಟ್ ಕೀಲಿ. ಮೊದಲ ಪುಟದಲ್ಲೇ ತಾರೀಖು ಕಾಣುತ್ತದೆ.

ಇದು ತಾತ್ಕಾಲಿಕ. ಬ್ಯಾಟರಿ ಬದಲಾಯಿಸದಿದ್ದರೆ ಮುಂದಿನ ಗುಡುಗಿಗೆ ಮತ್ತೆ ಇದೇ ಕಥೆ. ಡೆಸ್ಕ್‌ಟಾಪ್ ಆದರೆ ಪ್ಲಗ್ ಪೂರ್ತಿ ಕಿತ್ತು, ಪಕ್ಕದ ಮುಚ್ಚಳ ತೆಗೆಯಿರಿ. ಬ್ಯಾಟರಿಯ ಅಂಚಿನಲ್ಲಿ ಸಣ್ಣ ಲೋಹದ ನಾಲಿಗೆ ಇರುತ್ತದೆ. ಉಗುರಿನಿಂದ ಅದನ್ನು ಹೊರಗೆ ತಳ್ಳಿದರೆ ಬ್ಯಾಟರಿ ತಾನೇ ಮೇಲೆ ಬರುತ್ತದೆ. ಅಕ್ಷರ ಬರೆದ ಬದಿ ಮೇಲೆ ಬರುವಂತೆ ಹೊಸದನ್ನು ಕೂರಿಸಿ. ದೊಡ್ಡಪ್ಪನ ಮನೆ ಸಮುದ್ರಕ್ಕೆ ಹತ್ತಿರ. ಆ ನಾಲಿಗೆಯ ಮೇಲೆ ಉಪ್ಪುಗಾಳಿಗೆ ಹಸಿರು ಪುಡಿ ಕೂತಿತ್ತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಹೊಸ ಬ್ಯಾಟರಿ ಹಾಕಿದೆವು. ಕಾರವಾರ, ಅಂಕೋಲಾ, ಹೊನ್ನಾವರ ಕಡೆಯವರು ಇದನ್ನು ತಪ್ಪದೇ ನೋಡಿ. ಲ್ಯಾಪ್‌ಟಾಪ್ ಬಿಚ್ಚಿ ಅಭ್ಯಾಸ ಇಲ್ಲದಿದ್ದರೆ ಅಂಗಡಿಯವರಿಗೇ ಕೊಡಿ. ಬ್ಯಾಟರಿ ಬದಲಾಯಿಸಿದಾಗ ಬಯೋಸ್ ಸೆಟ್ಟಿಂಗ್ ಮೊದಲಿನಂತಾಗಿ, ವಿಂಡೋಸ್ ಶುರುವಾಗುವಾಗ ಬಿಟ್‌ಲಾಕರ್ ಕೀ ಕೇಳುವುದೂ ಉಂಟು. ಕೀ ಕೈಯಲ್ಲಿಟ್ಟುಕೊಂಡೇ ಕೆಲಸಕ್ಕೆ ಇಳಿಯಿರಿ.

ಆಮೇಲೆ ನೆಟ್

ಹೊಸ ವಿಂಡೋಸಿನಲ್ಲಿ ವೈಫೈ ಪಟ್ಟಿಯೇ ಖಾಲಿ ಕಂಡರೆ ವೈಫೈ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇಲ್ಲ ಎಂದರ್ಥ. ಗಾಬರಿ ಬೇಡ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ. ಫೋನಿನ ಸೆಟ್ಟಿಂಗ್ಸಿನಲ್ಲಿ ಹಾಟ್‌ಸ್ಪಾಟ್ ಇರುವ ಕಡೆಯೇ "ಯುಎಸ್‌ಬಿ ಟೆದರಿಂಗ್" ಇರುತ್ತದೆ, ಅದನ್ನು ಆನ್ ಮಾಡಿ. ಕಂಪ್ಯೂಟರ್ ಅದನ್ನು ತಂತಿಯ ನೆಟ್ ಎಂದೇ ತಿಳಿಯುತ್ತದೆ. ಬೇರೆ ಡ್ರೈವರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಫೋನಿನಲ್ಲಿ ಮನೆಯ ವೈಫೈ ಇದ್ದರೆ ಆ ವೈಫೈಯೇ ಕೇಬಲ್ ಮೂಲಕ ಕಂಪ್ಯೂಟರಿಗೆ ಹೋಗುತ್ತದೆ, ಡಾಟಾ ಖರ್ಚಾಗುವುದಿಲ್ಲ. ಟವರ್ ಸಿಗದ ಒಳ ಊರಿನ ಮನೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಕೇಬಲ್ ಮಾತ್ರ ಡಾಟಾ ಸಾಗಿಸುವಂಥದ್ದಾಗಿರಲಿ, ಬರೀ ಚಾರ್ಜ್ ಮಾಡುವ ಕೇಬಲಿನಲ್ಲಿ ಆಗುವುದಿಲ್ಲ.

ವೈಫೈ ಪಟ್ಟಿ ಕಂಡರೂ ನಿಮ್ಮ ಹಾಟ್‌ಸ್ಪಾಟ್ ಮಾತ್ರ ಕಾಣದಿದ್ದರೆ, ಫೋನಿನಲ್ಲಿ ಹಾಟ್‌ಸ್ಪಾಟಿನ ಬ್ಯಾಂಡನ್ನು 2.4 ಗಿಗಾಹರ್ಟ್ಸ್‌ಗೆ ಬದಲಾಯಿಸಿ. ಹಳೆಯ ಲ್ಯಾಪ್‌ಟಾಪುಗಳಿಗೆ 5 ಗಿಗಾಹರ್ಟ್ಸ್ ಕಾಣುವುದಿಲ್ಲ. ಹಾಸ್ಟೆಲ್, ಲಾಡ್ಜ್‌ಗಳಲ್ಲಿ ಮೊದಲು ಒಂದು ಪುಟ ತೆರೆದು ಲಾಗಿನ್ ಆಗಬೇಕಾದ ವೈಫೈ ಇದ್ದರೆ ಅದನ್ನು ಬಿಟ್ಟು ಫೋನಿನ ನೆಟ್ ಬಳಸಿ.

ಎರರ್ ಕೋಡಿನ ಕೊನೆ 2ಇಇ7 ಆದರೆ ಕಂಪ್ಯೂಟರಿಗೆ ಸರ್ವರಿನ ವಿಳಾಸವೇ ಸಿಗಲಿಲ್ಲ ಎಂದರ್ಥ. 2ಇಇ2 ಆದರೆ ಕಾದು ಕಾದು ಉತ್ತರ ಬರಲಿಲ್ಲ ಎಂದು. ಎರಡಕ್ಕೂ ಮದ್ದು ಒಂದೇ: ರೂಟರ್ ಒಂದು ನಿಮಿಷ ಆಫ್ ಮಾಡಿ ಹಾಕಿ, ಆಗದಿದ್ದರೆ ಬೇರೆ ನೆಟ್‌ನಲ್ಲಿ ನೋಡಿ.

ಇದು ಯಾವ ಖಾತೆ?

ಇಲ್ಲಿ ತಪ್ಪು ಮಾಡುವವರು ಅತಿ ಜಾಸ್ತಿ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ದಿನಾ ಬೆಳಿಗ್ಗೆ ಕಂಪ್ಯೂಟರ್ ತೆರೆಯುವಾಗ ನೀವು ಹಾಕುತ್ತಿದ್ದ ನಾಲ್ಕು ಅಂಕಿ ನಿಮ್ಮ ಪಾಸ್‌ವರ್ಡ್ ಅಲ್ಲ. ಅದು ಪಿನ್. ಆ ಪಿನ್ ಆ ಕಂಪ್ಯೂಟರಿನೊಳಗೆ ಮಾತ್ರ ಇರುತ್ತದೆ, ಮೈಕ್ರೋಸಾಫ್ಟಿನ ಸರ್ವರಿಗೆ ಹೋಗುವುದೇ ಇಲ್ಲ. ಫಾರ್ಮ್ಯಾಟ್ ಮಾಡಿದಾಗ ಅದೂ ಅಳಿದು ಹೋಗುತ್ತದೆ. ಹೊಸ ವಿಂಡೋಸ್ ಕೇಳುವುದು ಅಸಲಿ ಪಾಸ್‌ವರ್ಡ್. ನಾಲ್ಕು ವರ್ಷ ಪಿನ್ ಮಾತ್ರ ಒತ್ತಿದವರಿಗೆ ಅದು ನೆನಪಿರುವುದಿಲ್ಲ, ತಪ್ಪೂ ಅಲ್ಲ. ಮರೆತಿದ್ದು ಖಚಿತ ಅನಿಸಿದರೆ ಆಗ ಫೋನಿನ ಬ್ರೌಸರಿನಿಂದ ಒಮ್ಮೆ ಬದಲಾಯಿಸಿ, ಬರೆದಿಟ್ಟುಕೊಂಡು, ಆಮೇಲೆ ಕಂಪ್ಯೂಟರಿಗೆ ಬನ್ನಿ.

ಇನ್ನೊಂದು ಗೊಂದಲ ಜಿಮೇಲ್‌ದು. ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಹೆಸರು ಜಿಮೇಲ್ ವಿಳಾಸವೇ ಆಗಿರಬಹುದು. ಹಾಗಿದ್ದರೂ ಎರಡರ ಪಾಸ್‌ವರ್ಡ್ ಬೇರೆ ಬೇರೆ. ಒಂದೇ ಬೀಗದ ಕೈ ಎರಡು ಮನೆಗೆ ಆಗುವುದಿಲ್ಲವಲ್ಲ, ಹಾಗೆ. ವಿಂಡೋಸ್ ಕೇಳುವಲ್ಲಿ ಜಿಮೇಲ್ ಪಾಸ್‌ವರ್ಡ್ ಹಾಕಿದರೆ ತಪ್ಪು ಎಂದೇ ಹೇಳುತ್ತದೆ. ಅದನ್ನು ಕಂಡು ಜಿಮೇಲ್ ಪಾಸ್‌ವರ್ಡ್ ಬದಲಾಯಿಸಬೇಡಿ, ಫೋನಿನಲ್ಲಿ ಸರಿಯಾಗಿದ್ದ ಜಿಮೇಲೂ ಹೊರಗೆ ಬಿದ್ದೀತು.

"ಆ ಖಾತೆಯೇ ಇಲ್ಲ" ಎಂದು ಬಂದರೆ ಮೊದಲು ವಿಳಾಸದ ಅಕ್ಷರ ನೋಡಿ. ಔಟ್‌ಲುಕ್ ಡಾಟ್ ಕಾಮ್ ಮತ್ತು ಹಾಟ್‌ಮೇಲ್ ಡಾಟ್ ಕಾಮ್ ಅದಲು ಬದಲಾಗಿರುವುದು ಸಾಮಾನ್ಯ. ಎರಡು ವರ್ಷಕ್ಕಿಂತ ಜಾಸ್ತಿ ಬಳಸದೇ ಬಿಟ್ಟ ಖಾತೆಯನ್ನು ಮೈಕ್ರೋಸಾಫ್ಟ್ ಮುಚ್ಚಿಬಿಡಬಹುದು ಎಂಬುದೂ ಗೊತ್ತಿರಲಿ.

ಕಾಲೇಜು ಅಥವಾ ಆಫೀಸು ಕೊಟ್ಟ ಖಾತೆ ಹಾಕಿದಾಗ "ವರ್ಕ್ ಆರ್ ಸ್ಕೂಲ್ ಅಕೌಂಟ್" ಇಲ್ಲಿ ನಡೆಯದು ಎಂದು ಬರುತ್ತದೆ. ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಅದಕ್ಕೆ ಅವಕಾಶ ಇಲ್ಲ. ನಿಮ್ಮ ಸ್ವಂತ ಖಾತೆಯಿಂದ ಒಳಗೆ ಹೋಗಿ, ಆಮೇಲೆ ವರ್ಡ್, ಟೀಮ್ಸ್ ಒಳಗೆ ಕಾಲೇಜಿನದು ಹಾಕಿಕೊಳ್ಳಿ.

ಕೀಬೋರ್ಡನ್ನೂ ಒಮ್ಮೆ ಪರೀಕ್ಷಿಸಿ. ಇನ್‌ಸ್ಟಾಲ್ ಮಾಡುವಾಗ ಬ್ರಿಟನ್ನಿನ ಕೀಬೋರ್ಡ್ ಆರಿಸಿದ್ದರೆ ಇಮೇಲಿನ ಅಟ್ ಚಿಹ್ನೆಯೂ ಉದ್ಧರಣ ಚಿಹ್ನೆಯೂ ಅದಲು ಬದಲಾಗಿರುತ್ತವೆ. ಪಾಸ್‌ವರ್ಡಿನಲ್ಲಿ ಅಟ್ ಇದ್ದರೆ ಚುಕ್ಕಿಗಳ ಹಿಂದೆ ಇದು ಕಾಣುವುದೇ ಇಲ್ಲ. ಪಾಸ್‌ವರ್ಡನ್ನು ಮೊದಲು ಇಮೇಲ್ ಬರೆಯುವ ಜಾಗದಲ್ಲಿ ಟೈಪ್ ಮಾಡಿ ಕಣ್ಣಾರೆ ನೋಡಿ, ಅಳಿಸಿ, ಆಮೇಲೆ ಮುಂದೆ ಹೋಗಿ.

ಕೋಡ್ ಹೋಗುವ ನಂಬರ್

ಪಾಸ್‌ವರ್ಡ್ ಸರಿಯಾದ ಮೇಲೂ ಮೈಕ್ರೋಸಾಫ್ಟ್ ಕೋಡ್ ಕಳಿಸುತ್ತೇನೆ ಎನ್ನುತ್ತದೆ. ನಂಬರಿನ ಕೊನೆಯ ಎರಡು ಅಂಕಿ ಮಾತ್ರ ತೋರಿಸಿ, ಕೊನೆಯ ನಾಲ್ಕು ಅಂಕಿ ನಿಮ್ಮಿಂದಲೇ ಕೇಳುತ್ತದೆ. ಮನೆಯಲ್ಲಿ ಖಾತೆ ತೆರೆದುಕೊಟ್ಟವರು ಯಾರು ಎಂದು ಆಗ ನೆನಪು ಮಾಡಿಕೊಳ್ಳಬೇಕು. ಬೆಂಗಳೂರಿನ ಮಗ, ಮದುವೆಯಾಗಿ ಹೋದ ಮಗಳು, ಕೆಲವು ಸಲ ಕಂಪ್ಯೂಟರ್ ಮಾರಿದ ಅಂಗಡಿಯವರೇ. ಅಂಥವರಿಗೆ ಫೋನ್ ಮಾಡಿ, ಕೋಡ್ ಬಂದ ತಕ್ಷಣ ಓದಿ ಹೇಳಲು ತಯಾರಾಗಿರಿ ಎಂದು ಹೇಳಿ ಆಮೇಲೆ ಕೋಡ್ ಕಳಿಸಿ. ಮೇಲಿಂದ ಮೇಲೆ ಕೋಡ್ ಕೇಳಿದರೆ ಆ ದಿನಕ್ಕೆ ಸಾಕು ಎಂದು ನಿಲ್ಲಿಸಿಬಿಡುತ್ತದೆ. ಹಾಗಾದರೆ ಒಂದು ದಿನ ಪೂರ್ತಿ ಬಿಟ್ಟುಬಿಡಿ.

ಮಲೆನಾಡಿನ ಬಹಳ ಮನೆಗಳಲ್ಲಿ ಫೈಬರ್ ನೆಟ್ ಬಂದಿದೆ, ಮೊಬೈಲ್ ಸಿಗ್ನಲ್ ಮಾತ್ರ ಗುಡ್ಡ ಹತ್ತಿದರೆ ಸಿಗುತ್ತದೆ. ಅಂಥವರು ಎಸ್ಸೆಮ್ಮೆಸ್ ಬದಲು ಎರಡನೇ ಇಮೇಲಿಗೆ ಕೋಡ್ ತರಿಸಿಕೊಳ್ಳಿ. ಅದು ವೈಫೈಯಲ್ಲೇ ಬರುತ್ತದೆ. ಅಥೆಂಟಿಕೇಟರ್ ಆ್ಯಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡಿಗೆ ನೆಟ್ ಕೂಡ ಬೇಡ, ಫೋನಿನ ಸಮಯ ಸರಿ ಇದ್ದರೆ ಸಾಕು.

ಹಳೆಯ ಸಿಮ್ ಬಿಟ್ಟುಬಿಟ್ಟಿದ್ದರೆ ತೊಂದರೆ ಸ್ವಲ್ಪ ಗಟ್ಟಿ. ನಮ್ಮ ದೇಶದಲ್ಲಿ ನಿಂತುಹೋದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ನಿಮ್ಮ ಕೋಡ್ ಗುರುತಿಲ್ಲದವರ ಫೋನಿಗೆ ಹೋಗುತ್ತಿರಬಹುದು. ಖಾತೆಯ ಎಲ್ಲ ಹಳೆಯ ನಂಬರ್, ಇಮೇಲ್ ತೆಗೆದು ಹೊಸದು ಹಾಕಲು ಹೋದರೆ ಮೈಕ್ರೋಸಾಫ್ಟ್ 30 ದಿನ ಕಾಯಿಸುತ್ತದೆ. ಇದು ಕಳ್ಳರನ್ನು ತಡೆಯುವ ವ್ಯವಸ್ಥೆ, ಯಾರಿಗೆ ಫೋನ್ ಮಾಡಿದರೂ ಬೇಗ ಆಗುವುದಿಲ್ಲ. ನಡುವೆ ಮತ್ತೆ ಮತ್ತೆ ಬದಲಾಯಿಸದೆ ಕಾಯಿರಿ.

ಯಾವ ದಾರಿಯೂ ಉಳಿಯದಿದ್ದರೆ ಮೈಕ್ರೋಸಾಫ್ಟಿನ ಖಾತೆ ಮರಳಿ ಪಡೆಯುವ ಫಾರ್ಮ್ ತುಂಬಿ. ನೀವು ಮೊದಲಿನಿಂದ ಬಳಸುತ್ತಿದ್ದ ಮನೆಯ ನೆಟ್‌ನಿಂದಲೇ ತುಂಬಿ. ಹಳೆಯ ಪಾಸ್‌ವರ್ಡ್‌ಗಳು, ಔಟ್‌ಲುಕ್‌ನಿಂದ ಕಳಿಸಿದ ಇಮೇಲಿನ ವಿಷಯ, ನೆನಪಿದ್ದಷ್ಟೂ ಬರೆಯಿರಿ. ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆ ಕೋಡನ್ನೂ ಕೇಳುವ ಸೆಟ್ಟಿಂಗ್) ಆನ್ ಮಾಡಿದ್ದ ಖಾತೆಗೆ ಈ ಫಾರ್ಮ್ ಕೆಲಸ ಮಾಡುವುದಿಲ್ಲ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಗೂಗಲ್‌ನಲ್ಲಿ "ಮೈಕ್ರೋಸಾಫ್ಟ್ ಹೆಲ್ಪ್‌ಲೈನ್" ಎಂದು ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ. ಆ ಕಡೆಯವರು ಓಟಿಪಿ ಕೇಳಿದರೆ, ಕಂಪ್ಯೂಟರನ್ನು ದೂರದಿಂದ ನೋಡುವ ಆ್ಯಪ್ ಹಾಕಿ ಎಂದರೆ, ಅಲ್ಲಿಗೇ ಫೋನ್ ಇಡಿ. ದುಡ್ಡು ಹೋಗಿದ್ದರೆ ಒಂದು ಗಂಟೆಯೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇವತ್ತೇ ಕಂಪ್ಯೂಟರ್ ಬೇಕು ಅಂದರೆ

ಖಾತೆ ಸಿಗುವ ತನಕ ಕಾಯಲಾಗದವರು ಲೋಕಲ್ ಅಕೌಂಟಿನಿಂದ ಒಳಗೆ ಹೋಗಬಹುದು. ವಿಂಡೋಸ್ 11 ಪ್ರೊ ಆದರೆ ಸುಲಭ: "ವರ್ಕ್ ಆರ್ ಸ್ಕೂಲ್" ಆರಿಸಿ, "ಸೈನ್ ಇನ್ ಆಪ್ಷನ್ಸ್" ಒಳಗೆ "ಡೊಮೇನ್ ಜಾಯಿನ್ ಇನ್‌ಸ್ಟೆಡ್" ಒತ್ತಿದರೆ ಬರೀ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಹೋಮ್ ಆವೃತ್ತಿಯಲ್ಲಿ ಕಪ್ಪು ಕಿಟಕಿಯಿಂದ ಮಾಡುತ್ತಿದ್ದ ಉಪಾಯಗಳನ್ನು ಮೈಕ್ರೋಸಾಫ್ಟ್ ಒಂದೊಂದಾಗಿ ತೆಗೆಯುತ್ತಾ ಬಂದಿದೆ, ಹಳೆಯ ವಿಡಿಯೋ ನೋಡಿ ಸಮಯ ಕಳೆಯಬೇಡಿ. ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಪೆನ್‌ಡ್ರೈವ್ ತಯಾರಿಸುವಾಗಲೇ ಆನ್‌ಲೈನ್ ಖಾತೆ ಬೇಡ ಎಂಬ ಆಯ್ಕೆಗೆ ಗುರುತು ಹಾಕಬಹುದು. ಅದಕ್ಕೆ 8 ಜಿಬಿ ಪೆನ್‌ಡ್ರೈವ್ ಬೇಕು.

ಖಾತೆ ಆಮೇಲೆ ಸಿಕ್ಕಾಗ ಸೆಟ್ಟಿಂಗ್ಸಿನಿಂದ ಸೇರಿಸಿಕೊಳ್ಳಬಹುದು, ಮತ್ತೆ ಫಾರ್ಮ್ಯಾಟ್ ಬೇಕಿಲ್ಲ. ವಿಂಡೋಸಿನ ಲೈಸೆನ್ಸ್ ಬಗ್ಗೆಯೂ ಚಿಂತೆ ಬೇಡ. ಮದರ್‌ಬೋರ್ಡ್ ಬದಲಾಗಿಲ್ಲದಿದ್ದರೆ, ಹೋಮ್ ಇದ್ದಲ್ಲಿ ಹೋಮ್, ಪ್ರೊ ಇದ್ದಲ್ಲಿ ಪ್ರೊ ಹಾಕಿದ್ದರೆ, ನೆಟ್ ಸಿಕ್ಕ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತದೆ. ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಹಾಗಲ್ಲ. ಮೊದಲ ಸಲ ಯಾವ ಖಾತೆಯಿಂದ ಶುರು ಮಾಡಿದ್ದರೋ ಅದೇ ಖಾತೆ ಬೇಕು.

ಒಳಗೆ ಹೋದ ಮೇಲೆ ಡೆಸ್ಕ್‌ಟಾಪ್ ಖಾಲಿ ಕಂಡರೆ ಒನ್‌ಡ್ರೈವ್ ತೆರೆದು ನೋಡಿ, ಹಳೆಯ ಫೈಲುಗಳು ಅಲ್ಲಿರಬಹುದು. ಆಮೇಲೆ ಬಿಟ್‌ಲಾಕರ್ ಕೀ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ, ಹೊಸದಾಗಿ ವಿಂಡೋಸ್ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಹೆಚ್ಚಿನ ಕಂಪ್ಯೂಟರಿನಲ್ಲಿ ಡ್ರೈವಿಗೆ ತಾನಾಗಿಯೇ ಬೀಗ ಬೀಳುತ್ತದೆ. ಹಳೆಯ ಕೀ ಇದಕ್ಕೆ ಆಗುವುದಿಲ್ಲ, ಹೊಸದು ಬೇಕು. ದೊಡ್ಡಪ್ಪನ ಮನೆಯಲ್ಲಿ ಅವತ್ತು ಸಂಜೆ ನಾನು ಒಂದೊಂದೇ ಅಂಕಿ ಓದಿದೆ, ಅವರು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಆರು ಆರು ಅಂಕಿಯ ಎಂಟು ಗುಂಪು ಮಾಡಿ ಬರೆದುಕೊಂಡರು. ಆಮೇಲೆ ಅವರು ಓದಿದರು, ನಾನು ಪರದೆ ನೋಡಿ ತಾಳೆ ಹಾಕಿದೆ. ಐದನೇ ಗುಂಪಿನಲ್ಲಿ ಒಂದು 1 ಇದ್ದಲ್ಲಿ 7 ಆಗಿತ್ತು. ತಿದ್ದಿದೆವು.